ಕೂಟಗಲ್ ಯುನೈಟೆಡ್ಡಿನ ಮ್ಯಾನೇಜರು

ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಸುವ ಶೆಡ್ಡು ನಡೆಸುತ್ತಿದ್ದ ರುದ್ರಪ್ರಸಾದ ನಲವತ್ತೆಂಟನೆಯ ವಯಸ್ಸಿನಲ್ಲಿ ಫುಟ್‌ಬಾಲ್ ಮ್ಯಾನೇಜರಾದ. ಮೈದಾನದಲ್ಲಲ್ಲ, ಮೊಬೈಲಿನಲ್ಲಿ. ಜೀವಮಾನದಲ್ಲಿ ಒಮ್ಮೆ ಚೆಂಡು ಒದೆಯಲು ಹೋಗಿ, ಚೆಂಡು ಅಲ್ಲೇ ಉಳಿದು ಚಪ್ಪಲಿ ಪಕ್ಕದ ಮನೆಯ ಹೆಂಚಿನ ಮೇಲೆ ಬಿದ್ದಿತ್ತು. ಆದರೂ ಹುಟ್ಟೂರಿನ ಹೆಸರಿಟ್ಟು ಅವನು ಕಟ್ಟಿದ ‘ಕೂಟಗಲ್ ಯುನೈಟೆಡ್’ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಗುಟ್ಟು ಇಷ್ಟೇ. ಆ ಆಟದಲ್ಲಿ ಪ್ರತಿ ಆಟಗಾರನ ಹೆಸರಿನ ಮುಂದೆ ಇಷ್ಟು ಸ್ಟಾರು ಅಂತ ಇರುತ್ತದೆ. ಮಾಗಡಿಯ ಭಾಮೈದ ರೇಣುಕಾಪ್ರಸಾದ ಐದು ಸ್ಟಾರಿನವರನ್ನೇ ತುಂಬಿಕೊಂಡು ವಾರವಾರವೂ ಸೋಲುತ್ತಿದ್ದ. ರುದ್ರಪ್ರಸಾದ ಸ್ಟಾರುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಳೆದ ಹತ್ತು ಪಂದ್ಯಗಳಲ್ಲಿ ಯಾರು ಏನು ಕಡಿದು ಕಟ್ಟೆ ಹಾಕಿದ್ದಾರೆ ಎಂದಷ್ಟೇ ನೋಡುತ್ತಿದ್ದ. ಎರಡೇ ಸ್ಟಾರಿನ ಒಬ್ಬ ಬಡಪಾಯಿ ಅವನ ತಂಡಕ್ಕೆ ಹನ್ನೊಂದು ಪಂದ್ಯದಲ್ಲಿ ಹದಿನಾಲ್ಕು ಗೋಲು ಹೊಡೆದಿದ್ದ. ಗೂಡಿನ ಮಾರುಕಟ್ಟೆಯಲ್ಲೂ ರುದ್ರಪ್ರಸಾದನದು ಇದೇ ಬುದ್ಧಿ. ಬೆಳ್ಳಗೆ ಹೊಳೆಯುವ ಗೂಡಿಗೆ ಮರುಳಾಗದೆ, ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿಯೇ ಹರಾಜು ಕೂಗುತ್ತಿದ್ದ.

ಇಂಥ ಜಾಣನ ಶೆಡ್ಡಿಗೆ ಹೊಸ ಆಟೋಮ್ಯಾಟಿಕ್ ಯಂತ್ರ ಬಂತು. ಅದಕ್ಕೊಬ್ಬ ಮೇಸ್ತ್ರಿ ಬೇಕಾಯಿತು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ನೂಲು ತೆಗೆಯುತ್ತಿದ್ದ ಅಮೀರುನ್ನೀಸಾ ಆ ಜಾಗ ತನಗೇ ಎಂದುಕೊಂಡಿದ್ದಳು. ಅದಕ್ಕಾಗಿಯೇ ಬೇರೆ ಶೆಡ್ಡಿನವರು ಕರೆದಾಗಲೂ ಹೋಗಿರಲಿಲ್ಲ. ಅವಳ ಕೈಯಲ್ಲಿ ಎಳೆ ಹರಿಯುವುದೇ ಅಪರೂಪ. ರುದ್ರಪ್ರಸಾದ ಕೂರಿಸಿದ್ದು ಕೆಂಗಲ್ ಕಡೆಯ ಜಯಕುಮಾರನನ್ನು. ಜಯಕುಮಾರನ ಹತ್ತಿರ ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟಿತ್ತು, ಅದೂ ಲ್ಯಾಮಿನೇಷನ್ ಮಾಡಿಸಿದ್ದು. ಅಮೀರುನ್ನೀಸಾಳನ್ನು ಮೂಲೆಯಲ್ಲಿ ಕೆಟ್ಟ ಗೂಡು ಆರಿಸಲು ಕೂರಿಸಿದ.

ಎಳೆ ಬಿಡಲೆಂದು ಜಯಕುಮಾರ ಪುಸ್ತಕದಲ್ಲಿ ಬರೆದಷ್ಟು ನಿಮಿಷ ಗೂಡು ಬೇಯಿಸಿದ. ಮಳೆಗಾಲದ ಮೆತ್ತನೆಯ ಗೂಡು ಆ ಪುಸ್ತಕ ಓದಿರಲಿಲ್ಲ. ಬೆಂದು ಗಂಜಿಯಾಯಿತು, ಮಾತೆತ್ತಿದರೆ ಎಳೆ ಹರಿಯಿತು. ಯಂತ್ರದಲ್ಲೇ ದೋಷ ಇದೆ ಎಂದ. ಅಯ್ಯೋ ಶಿವನೇ, ರುದ್ರಪ್ರಸಾದ ಅದನ್ನೂ ನಂಬಿದ! ವಾರವಿಡೀ ಯಂತ್ರ ಮಾರಿದವನಿಗೇ ಬೈದ.

ಸೋಮವಾರ ಬೆಳಿಗ್ಗೆ ಅವನು ಫೋನಿನಲ್ಲಿ ಭಾಮೈದನಿಗೆ ಪಾಠ ಹೇಳುತ್ತಿದ್ದ. “ಸ್ಟಾರ್ ನೋಡ್ಬ್ಯಾಡ ಕಣ್ಲಾ. ಆಟ ನೋಡು.”

ಅಷ್ಟರಲ್ಲಿ ಅಮೀರುನ್ನೀಸಾ ಬಂದು ಬಾಗಿಲಲ್ಲಿ ನಿಂತಳು. ನಾಳೆಯಿಂದ ಬರುವುದಿಲ್ಲ, ಚನ್ನಪಟ್ಟಣದ ಒಂದು ಶೆಡ್ಡಿನಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿದೆ ಎಂದಳು.

“ಸರ್ಟಿಫಿಕೇಟ್ ಕೇಳ್ನಿಲ್ವಾ?” ಎಂದ ರುದ್ರಪ್ರಸಾದ. ಆ ಹೊತ್ತಿನಲ್ಲಿ ಆಸಾಮಿಯ ಬಾಯಿಗೆ ಬಂದ ಮಾತು ಅದು.

“ಇಲ್ಲ ಸಾ. ಮಿಷಿನ್ ಮುಂದೆ ಕೂರ್ಸಿ ಒಂದ್ ಗಂಟೆ ನನ್ ಕೈ ನೋಡುದ್ರು. ನೀವು ಇಪ್ಪತ್ತೆರಡು ವರ್ಸ ನೋಡುದ್ರಿ.”

ರುದ್ರಪ್ರಸಾದ ದಡಬಡಿಸಿ ಎದ್ದ. ಇವತ್ತಿನಿಂದ ನೀನೇ ಮೇಸ್ತ್ರಿ ಎಂದ, ಜಯಕುಮಾರನನ್ನು ಈಗಲೇ ಆ ಜಾಗದಿಂದ ಎಬ್ಬಿಸುತ್ತೇನೆ ಎಂದ, ಬೇಕಾದರೆ ಎಲ್ಲರೆದುರು ತಪ್ಪಾಯಿತು ಅನ್ನುತ್ತೇನೆ ಎಂದ. ಅಲ್ಲಿ ಮಾತು ಕೊಟ್ಟಾಗಿದೆ ಎಂದು ಹೇಳಿ ಅವಳು ಊಟದ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು.

ಫೋನಿನಲ್ಲಿ ರೇಣುಕಾಪ್ರಸಾದ ಇನ್ನೂ ಇದ್ದ. ಯಾರು ಭಾವ ಹೋದದ್ದು ಎಂದು ಕೇಳಿದ.

“ನಮ್ ಶೆಡ್ಡಲ್ಲಿ ಕೆಲ್ಸ ಬತ್ತಿದ್ದೋಳು ಒಬ್ಳೇ ಕಣ್ಲಾ,” ಎಂದ ರುದ್ರಪ್ರಸಾದ. “ಅವ್ಳ್ನೂ ಕಳ್ಕಂಬುಟ್ಟೆ.”