ಕಣಿಕೆಯೊಳಗಿನ ಗುಲಗಂಜಿ ಹುಳಗಳು

ಎಮ್ಮೆಗೆಂದು ಬಣವೆಯಿಂದ ಜೋಳದ ಕಣಿಕೆ ಎಳೆದಾಗ ಒಣಗರಿಯ ಬುಡದಲ್ಲಿ ಗುಲಗಂಜಿ ಹುಳಗಳು ಕಂಡವು. ಕೆಂಪು ಬೆನ್ನು, ಕರಿ ಚುಕ್ಕೆ. ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಊದಿದರೂ ಅಲುಗಲಿಲ್ಲ.

ಮೊಮ್ಮಕ್ಕಳೇ, ನಿಮ್ಮಲ್ಲಿ ಕಿರಿಯಳು ಆಗ ಹುಮನಾಬಾದಿನಲ್ಲಿ ಮೂರನೆಯ ತರಗತಿ ಓದುತ್ತಿದ್ದಳು. ಅವಳಿಗೆ ಫೋನಿನಲ್ಲಿ ಹೇಳಿದೆ.

“ಆಯಿ, ನಾ ಐತಾರ ಬರ್ತೀನಿ. ಅಲ್ಲೀತನ ಸಾಯಗೊಡಬ್ಯಾಡ. ಆಣಿ ಮಾಡು.”

ಮಾಡಿದೆ. ಅವತ್ತು ಬುಧವಾರ, ಭಾನುವಾರಕ್ಕೆ ಇನ್ನೂ ನಾಲ್ಕು ದಿನ. ಮೈ ಕೊರೆಯುವ ಚಳಿ. ನನಗೆ ತಿಳಿದ ಉಪಚಾರ ಒಂದೇ. ಹೆತ್ತವಳ ಹೊರಸಿನ ಕೆಳಗೆ ಕೆಂಡ ಇಟ್ಟು ತಾಯಿ, ಮಗುವನ್ನು ಕಾಸುತ್ತೇವಲ್ಲ, ಅದು. ನಿಮ್ಮನ್ನೆಲ್ಲ ಕಾಸಿದವಳು ನಾನೇ. ಡಬ್ಬಿಯಲ್ಲಿ ಹತ್ತಿ ಹಾಸಿ, ಹುಳಗಳನ್ನಿಟ್ಟು, ತೆಳು ಬಟ್ಟೆ ಕಟ್ಟಿ ಒಲೆಯ ಪಕ್ಕ ಇಟ್ಟೆ.

ಸ್ವಲ್ಪ ಹೊತ್ತಿಗೆ ಹರಿದಾಡತೊಡಗಿದವು. ಹಿಗ್ಗಿದೆ. ಆದರೆ ಮರುದಿನವೂ ನಿಲ್ಲದೆ ಸುತ್ತುತ್ತಲೇ ಇದ್ದವು. ಬೆಲ್ಲದ ಚೂರು ಹಾಕಿದರೆ ಮೂಸಲೂ ಇಲ್ಲ. ಶುಕ್ರವಾರ ಬೆಳಗ್ಗೆ ಮೂರು ಅಂಗಾತ ಬಿದ್ದಿದ್ದವು.

ಹುಳದ ಮಾತು ಯಾರನ್ನು ಕೇಳಲಿ? ನಾಚಿಕೆ ಬಿಟ್ಟು ಪಕ್ಕದ ಮನೆಯ ನೆಗೆಣ್ಣಿಗೆ ಡಬ್ಬಿ ತೋರಿಸಿದೆ.

“ಹುಳದ ಬಾಣಂತನ ಮಾಡಾಕತ್ತೀಯೇನಕ್ಕಾ? ಅಂಟಿನುಂಡಿನೂ ಕಟ್ಟು!” ಎಂದು ನಕ್ಕಳು. ಆಮೇಲೆ ಗಂಭೀರವಾದಳು. “ಥಂಡ್ಯಾಗ ಅವು ಮಲಗಿರ್ತಾವ. ಮಲಗಿದ್ರ ಹಸಿವಿಲ್ಲ. ನೀ ಎಬ್ಬಿಸಿದಿ, ಉಣ್ಣಾಕ ಏನ ಕೊಡ್ತಿ? ಬೆಳಿಮ್ಯಾಲಿನ ಹೇನು ತಿನ್ನೋವು ಬೆಲ್ಲ ತಿಂತಾವೇನು?”

“ಹೊರಗಿಟ್ರ ಚಳಿಗೆ ಸಾಯಂಗಿಲ್ಲೇನು?”

“ಒಣಗಿದ ಜಾಗ ಇದ್ರ ಸಾಕು. ಎಲ್ಲಿಂದ ತಂದಿ, ಅಲ್ಲೇ ಇಡು.”

ಉಳಿದವನ್ನು ಒಂದೊಂದಾಗಿ ಗರಿಯ ಬುಡಕ್ಕೆ ಸೇರಿಸಿದೆ. ಎಮ್ಮೆಗೆ ಬಣವೆಯ ಇನ್ನೊಂದು ಮಗ್ಗುಲಿನಿಂದ ಕಣಿಕೆ ಎಳೆದೆ. ಶನಿವಾರ ಇಬ್ಬನಿ ಸುರಿದಿತ್ತು. ಬಣವೆಯವರೆಗೆ ಹೋದವಳು ಗರಿ ಸರಿಸಿ ನೋಡುವ ಧೈರ್ಯವಾಗದೆ ಮರಳಿದೆ.

ಭಾನುವಾರ ಅಪ್ಪನೊಂದಿಗೆ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಿಂದ ಇಳಿದವಳೇ ಹುಡುಗಿ ಬಣವೆಗೆ ಓಡಿದಳು. ಗರಿ ಸರಿಸಿದಳು. ಒಂದೂ ಅಲುಗಲಿಲ್ಲ.

“ಸತ್ತಾವೇನ ಆಯಿ?”

ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಬಿಸಿಲು ಗರಿಯವರೆಗೆ ಏರಿದ ಮೇಲೆ ಒಂದು ಹುಳ ಕಾಲು ಚಾಚಿತು, ಆಮೇಲೆ ಅದರ ಪಕ್ಕದ್ದು.

“ಎಲ್ಲಾ ಅದಾವಲ್ಲ?” ಎಂದಳು ಖುಷಿಯಿಂದ.

“ಹ್ಞೂಂ” ಎಂದೆ.

ಮೂರು ಇರಲಿಲ್ಲ, ಮಗಳೇ. ಅವನ್ನು ತುಳಸಿಯ ಬುಡದಲ್ಲಿ ಮುಚ್ಚಿದ್ದೆ. ಅವತ್ತು ಹೇಳಲಾಗಲಿಲ್ಲ.