ಮೂರನೆಯ ಫೋಲ್ಡರ್

ದೆವ್ವ, ಶಕುನ, ಕನಸಿನ ಸೂಚನೆ ಇಂಥ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದವಳು. ನನ್ನ ಕಸುಬು ಕಂಪ್ಯೂಟರ್ ನೋಡಿಕೊಳ್ಳುವುದು. ಯಾರು, ಯಾವಾಗ, ಏನು ಮಾಡಿದರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ದಾಖಲಾಗದ್ದು ನಡೆದೇ ಇಲ್ಲ ಎಂದು ನಂಬಿದ್ದೆ. ತದಡಿಯಲ್ಲಿ ಕಳೆದ ಆ ಒಂದು ಹಗಲಿನ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹೊನ್ನಾವರದಿಂದ ಬಸ್ಸು ಹಿಡಿದು ತದಡಿಯ ಮೀನುಗಾರರ ಸಂಘಕ್ಕೆ ಹೋಗಿದ್ದೆ. ಅಲ್ಲಿಯ ಹಳೆಯ ಕಂಪ್ಯೂಟರೊಂದು ಗಾಳಿಮಳೆಯ ಮುನ್ನೆಚ್ಚರಿಕೆಯನ್ನು ದೋಣಿಯವರ ಮೊಬೈಲಿಗೆ ಕಳಿಸುತ್ತಿತ್ತು. ಅದರ ಆಪರೇಟಿಂಗ್ ಸಿಸ್ಟಂಗೆ ಸುರಕ್ಷತೆಯ ತಿದ್ದುಪಡಿಗಳು ಬರುವುದು ನಿಂತಿತ್ತು. ಹೊಸದನ್ನು ಸೋರ್ಸ್ ಕೋಡಿನಿಂದಲೇ, ಅಂದರೆ ಪ್ರೋಗ್ರಾಮಿನ ಮೂಲ ಬರಹದಿಂದಲೇ, ಕಟ್ಟಿ ಹಾಕಬೇಕಿತ್ತು. ಹಿಂದಿನ ದಿನವೇ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಕೋಡಿನ ಜೊತೆಗಿದ್ದ ಸೂಚನೆಗಳನ್ನು ಸಾಲು ಬಿಡದೆ ಓದಿದ್ದೆ. ಬೆಳಿಗ್ಗೆ ನೆಟ್‌ವರ್ಕ್ ವೈರ್ ಕಿತ್ತಿಟ್ಟು ಹೊಸ ಕರ್ನಲ್ ಹಾಕಿದೆ. ಕರ್ನಲ್ ಎಂದರೆ ಯಂತ್ರವನ್ನು ಎಬ್ಬಿಸಿ ನಡೆಸುವ ತಿರುಳು. ಹೊಸದನ್ನು ಹಾಕಿದಾಗ ಹಳೆಯದು ಪಕ್ಕದ ಫೋಲ್ಡರಿಗೆ ಸರಿಯುತ್ತದೆ. ಹೊಸದು ಕೈಕೊಟ್ಟರೆ ಹಳೆಯದರಿಂದ ಎಬ್ಬಿಸಬಹುದು.

ಯಂತ್ರವನ್ನು ಮರಳಿ ಶುರು ಮಾಡುವುದನ್ನು ಆಮೇಲೆ ನೋಡೋಣವೆಂದು, ಸಂಘದ ಗುಮಾಸ್ತೆ ಪಾರ್ವತಕ್ಕನ ಜೊತೆ ಕಚೇರಿಗೆ ಬೀಗ ಹಾಕಿ ಊಟಕ್ಕೆ ಹೋದೆ. ಇದ್ದ ಒಂದೇ ಕೀಲಿ ನನ್ನ ಚೀಲದಲ್ಲಿತ್ತು. ಬಂದ ಮೇಲೆ ಕರ್ನಲ್ಲಿನೊಳಗೆ ಏನೇನು ಇರಬೇಕೆಂಬ ಪಟ್ಟಿಯಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ತಿದ್ದಿ, ಮತ್ತೆ ಕಟ್ಟಿ, ಮತ್ತೊಮ್ಮೆ ಹಾಕಿ ಶುರು ಮಾಡಿದೆ.

ಡಿಸ್ಕ್ ಸಿಗುತ್ತಿಲ್ಲವೆಂದು ಯಂತ್ರ ನಿಂತುಬಿಟ್ಟಿತು. ಹಳೆಯ ಕರ್ನಲ್ಲಿನಿಂದ ಎಬ್ಬಿಸಲು ನೋಡಿದೆ. ಅದೂ ಅಲ್ಲಿಗೇ ನಿಂತಿತು. ಎರಡನೇ ಸಲ ಹಾಕಿದಾಗ ಪಕ್ಕಕ್ಕೆ ಸರಿದದ್ದು ಬೆಳಗಿನ ಕೆಟ್ಟ ಕರ್ನಲ್. ನಿಜವಾದ ಹಳೆಯದು ಅಳಿಸಿಹೋಗಿತ್ತು. ಸೂಚನೆಯಲ್ಲಿ ಈ ಎಚ್ಚರಿಕೆ ಇತ್ತು. ಓದಿಯೂ ಎಡವಿದ್ದೆ.

ಅಷ್ಟರಲ್ಲಿ ಪಾರ್ವತಕ್ಕನ ಫೋನಿಗೆ ಸುದ್ದಿ ಬಂತು: ಸಂಜೆಗೆ ಜೋರು ಗಾಳಿ. ದೋಣಿಯವರ ನಂಬರುಗಳೆಲ್ಲ ಆ ಯಂತ್ರದೊಳಗೆ; ನಕಲಿನ ಡಿಸ್ಕನ್ನು ಓದಲು ಅಲ್ಲಿ ಬೇರೆ ಕಂಪ್ಯೂಟರ್ ಇರಲಿಲ್ಲ.

“ಎಂತಾತು ತಂಗಿ? ಇದು ಏಳೂದೇ ಇಲ್ವ? ನಮ್ಮನೆಯವ್ರಿಗೆ ನಾ ಫೋನ್ ಮಾಡ್ತೆ. ಉಳದವ್ರಿಗೆ ಎಂತ ಮಾಡೂದು?”

“ಇದನ್ನ ಎಬ್ಬಿಸದೆ ನಾ ಮನೆಗೆ ಹೋಗೂದಿಲ್ಲ ಅಕ್ಕ,” ಎಂದೆ.

ನಕಲಿನಿಂದ ಎಲ್ಲವನ್ನೂ ಮರಳಿ ತುಂಬಲು ಆರೇಳು ತಾಸು ಬೇಕು. ಅದಕ್ಕೆ ಕೈಹಾಕುವ ಮೊದಲು, ಕರ್ನಲ್ಲಿಗೂ ಮುಂಚೆ ಏಳುವ ಪುಟ್ಟ ಪ್ರೋಗ್ರಾಮಿನಿಂದ ಡಿಸ್ಕಿನಲ್ಲಿ ಏನೇನು ಉಳಿದಿದೆ ಎಂದು ಪಟ್ಟಿ ಮಾಡಿಸಿದೆ. ಎರಡು ಕರ್ನಲ್ ಫೋಲ್ಡರ್ ಇರಬೇಕಾದಲ್ಲಿ ಮೂರಿದ್ದವು. ಮೂರನೆಯದರ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ, ‘ಇರಲಿ’. ನಾನು ಹಾಗೆಲ್ಲ ಹೆಸರಿಡುವವಳಲ್ಲ. ಆದರೆ ಯೋಚಿಸುತ್ತ ಕೂರುವ ಹೊತ್ತಾಗಿರಲಿಲ್ಲ, ಅದರಿಂದಲೇ ಎಬ್ಬಿಸಿದೆ. ಯಂತ್ರ ಎದ್ದಿತು. ವೈರ್ ಸಿಕ್ಕಿಸಿದೆ, ಎಚ್ಚರಿಕೆ ಹೋಯಿತು. ದೋಣಿಗಳು ಒಂದೊಂದಾಗಿ ಅಳಿವೆಯೊಳಗೆ ಬಂದವು. ಪಾರ್ವತಕ್ಕ ಕಿಟಕಿಯಲ್ಲೇ ನಿಂತು ಎಣಿಸಿ, “ಆತು, ಎಲ್ಲಾ ಬಂದ್ರು” ಎಂದು ಕುರ್ಚಿಗೆ ಕುಸಿದರು.

ಆಮೇಲೆ ಆ ಫೋಲ್ಡರ್ ತೆರೆದೆ: ಅಳಿಸಿಹೋಗಿದ್ದ ನಿಜವಾದ ಹಳೆಯ ಕರ್ನಲ್ಲಿನ ನಕಲು. ಅದು ಹುಟ್ಟಿದ ಹೊತ್ತು ನೋಡಿದೆ. ಆ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ನಾವಿಬ್ಬರೂ ಖಾನಾವಳಿಯಲ್ಲಿದ್ದ ಸಮಯ. ಯಂತ್ರದ ಗಡಿಯಾರ ನನ್ನ ಮೊಬೈಲಿನದಕ್ಕೆ ಸರಿಯಾಗಿ ಹೊಂದುತ್ತಿತ್ತು. ಕೊಟ್ಟ ಆಜ್ಞೆಗಳ ಪಟ್ಟಿಯಲ್ಲಿ ಆ ನಕಲಿನ ಸುಳಿವಿರಲಿಲ್ಲ. ತಾನಾಗಿ ನಡೆಯುವಂತೆ ಯಾರೂ ಏನನ್ನೂ ಇಟ್ಟಿರಲಿಲ್ಲ.

ಡಿಸ್ಕನ್ನು ಗುರುತಿಸಲು ಕರ್ನಲ್ಲಿಗೆ ಬೇಕಾದ ಚಾಲಕವನ್ನೇ, ಅಂದರೆ ಡ್ರೈವರನ್ನೇ, ನಾನು ಎರಡು ಸಲವೂ ಬಿಟ್ಟಿದ್ದೆ. ಮರುದಿನ ಅದನ್ನು ಸೇರಿಸಿ, ಮತ್ತೆ ಕಟ್ಟಿ, ಅಪ್‌ಗ್ರೇಡ್ ಮುಗಿಸಿಯೇ ಹೊರಟೆ. ಹೋಗುವ ಮೊದಲು ಪಾರ್ವತಕ್ಕನಿಗೆ ಎಲ್ಲ ಹೇಳಿದೆ.

“ನೀನೇ ಮಾಡಿ ಮರ್ತಿದ್ದೆ ತಂಗಿ,” ಎಂದರು. ನನ್ನ ಚೀಲ ಎತ್ತಿಕೊಡುತ್ತ, “ಆದ್ರೆ ಆಗ ನೀ ನನ್ನ ಎದ್ರಿಗೇ ಊಟಕ್ಕೆ ಕೂತಿದ್ದೆ ಅಲ್ಲ?”

ಹೌದು, ಕೂತಿದ್ದೆ. ಆ ಕೀಲಿಯೂ ನನ್ನ ಚೀಲದಲ್ಲೇ ಇತ್ತು.