ಮೂರನೇ ಸಾಲು

ಜುಲೈ ತಿಂಗಳ ಆ ಗುರುವಾರ ಸುಮಂಗಲಾ ಅವರಿಗೆ ಫೋನ್ ಬಂದದ್ದು ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ. ಕುರುಗೋಡಿನ ಪ್ರೌಢಶಾಲೆಯಲ್ಲಿ ಆಗಷ್ಟೇ ಪ್ರಾರ್ಥನೆ ಮುಗಿದಿತ್ತು. ಫೋನ್ ಮಾಡಿದವರು ಹಂಪಯ್ಯ. ಎರಡು ತಿಂಗಳ ಹಿಂದಿನವರೆಗೂ ಸುಮಂಗಲಾ ಅವರು ವಿಜ್ಞಾನ ಪಾಠ ಮಾಡುತ್ತಿದ್ದ ರಾರಾವಿ ಕಡೆಯ ಶಾಲೆಯ ಗುಮಾಸ್ತ.

"ಮೇಡಂ, ಬೀರೂ ಜೋಡಸಾಕತ್ತಿದ್ದೆ. ನಿಮ್ಮ ಬ್ಯಾಚಿಂದು ಒಂದು ಟೀಸಿ ಇಲ್ಲೇ ಉಳದೈತ್ರಿ."

"ಯಾರ್ದು?"

"ನಾಗಲಕ್ಷ್ಮಿ. ಚಿದಾನಂದಪ್ಪನ ಮಗಳು. ಐನೂರ ನಲವತ್ತೆರಡು ಬಂದಿತ್ತಲ್ಲ, ಆಕಿದು."

ವರ್ಗಾವಣೆ ಪತ್ರವಿಲ್ಲದೆ ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ. ಅದು ಬೀರುವಿನಲ್ಲೇ ಇದೆ ಎಂದರೆ ಹುಡುಗಿ ಎಲ್ಲಿಗೂ ಸೇರಿಲ್ಲ. ದಂಡ ಕಟ್ಟಿ ಪಿಯುಸಿ ಸೇರಲು ಕೊನೆಯ ದಿನ ಆ ಗುರುವಾರವೇ ಆಗಿತ್ತು. ಸಂಜೆ ಐದೂವರೆಗೆ ಮುಗಿಯುತ್ತಿತ್ತು.

"ಹಂಪಯ್ಯ, ಅಲ್ಲೇ ನನ್ನ ನೋಟ್‌ಬುಕ್ ಇರಬೇಕು ನೋಡ್ರಿ. ನೀಲಿ ರಟ್ಟಿಂದು. ಆಕಿ ಪುಟ ತಗೀರಿ. ಮೂರನೇ ಸಾಲು ಓದ್ರಿ."

ಹಾಳೆ ತಿರುಗಿಸುವ ಸದ್ದು ಕೇಳಿಸಿತು. 

"'ಮೇಡಂ ಬರ್ತಾರೆ' ಅಂತ ಬರ್ದಾಳ್ರಿ. ಕೆಳಗ ನಿಮ್ಮ ಸಹಿ ಐತಿ."

ಆ ಪುಟದ ಮೂರು ಸಾಲುಗಳ ಹಿಂದೆ ಒಂದು ಸಣ್ಣ ಕಥೆಯಿದೆ. ಸುಮಂಗಲಾ ಅವರ ತಂದೆ ಮಾರೆಣ್ಣ ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದರು. ಮಗಳನ್ನು ಪಿಯುಸಿಗೆ ಸೇರಿಸಲು ಅರ್ಧ ದಿನದ ರಜೆ ಹಾಕಿ ಬಳ್ಳಾರಿಯ ಕಾಲೇಜಿಗೆ ಕರೆದುಕೊಂಡು ಹೋದಾಗ ಅಲ್ಲಿ ಮೂರು ಕಿಟಕಿಗಳಿದ್ದವು, ಮೂರು ಸಾಲುಗಳಿದ್ದವು. ಮಧ್ಯಾಹ್ನದೊಳಗೆ ಕೆಲಸಕ್ಕೆ ಮರಳಬೇಕಿದ್ದ ಮಾರೆಣ್ಣ ಎಲ್ಲಕ್ಕಿಂತ ಗಿಡ್ಡ ಸಾಲು ನೋಡಿ ನಿಂತರು. ಅದು ವಿಜ್ಞಾನದ ಸಾಲು. "ಅವತ್ತು ಆರ್ಟ್ಸ್ ಸಾಲು ಗಿಡ್ಡ ಇದ್ದಿದ್ರ ನಾನು ಇವತ್ತು ಅಶೋಕನ ಶಾಸನ ಹೇಳ್ಕೋತ ಇರ್ತಿದ್ದೆ" ಎಂದು ಸುಮಂಗಲಾ ಅವರು ಸಹೋದ್ಯೋಗಿಗಳನ್ನು ನಗಿಸುವುದುಂಟು. ಆದರೆ ಹತ್ತನೇ ತರಗತಿ ಮುಗಿಸಿದ ಮಗುವಿನ ದಾರಿ ಸಾಲಿನ ಉದ್ದದಿಂದ ತೀರ್ಮಾನವಾಗಬಾರದು ಎಂಬುದನ್ನು ಅವರು ನಗುತ್ತಾ ಹೇಳಿದ್ದಿಲ್ಲ.

ಆದ್ದರಿಂದ ಪ್ರತಿವರ್ಷ ಜನವರಿಯಲ್ಲಿ, ಹತ್ತನೇ ತರಗತಿಯ ಒಬ್ಬೊಬ್ಬರಿಗೂ ನೋಟ್‌ಬುಕ್ಕಿನ ಒಂದೊಂದು ಪುಟ ಕೊಡುತ್ತಿದ್ದರು. ಪುಟದಲ್ಲಿ ಮೂರು ಸಾಲು ಬರೆಯಬೇಕು. ಏನಾಗಬೇಕು, ಅದಕ್ಕೆ ಎಲ್ಲಿ ಏನು ಓದಬೇಕು ಎಂಬುದು ಮೊದಲನೆಯದು. ಅಂಕ ಕಡಿಮೆ ಬಂದರೆ ಏನು ಮಾಡುವುದು ಎಂಬುದು ಎರಡನೆಯದು. ಮನೆಯಲ್ಲಿ ಬೇಡ ಅಂದರೆ ಏನು ಮಾಡುವುದು ಎಂಬುದು ಮೂರನೆಯದು. ಮೊದಲ ಎರಡನ್ನು ಮಕ್ಕಳು ಐದು ನಿಮಿಷದಲ್ಲಿ ಬರೆದು ಮುಗಿಸುತ್ತಿದ್ದರು. ಮೂರನೆಯದಕ್ಕೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದರು. "ಸೋದರಮಾವನ ಕೈಲಿ ಹೇಳಿಸ್ತೀನಿ", "ಹಾಸ್ಟೆಲ್ ಕೇಳ್ತೀನಿ", "ಎರಡು ದಿನ ಉಣ್ಣಂಗಿಲ್ಲ" ಎಂದೆಲ್ಲ ಬರೆಯುತ್ತಿದ್ದರು. ಪ್ರತಿ ಪುಟವನ್ನೂ ಓದಿ, ಮಗುವಿನ ಜೊತೆ ಮಾತಾಡಿ, ಆಗಬಹುದು ಅನ್ನಿಸಿದರೆ ಮಾತ್ರ ಸುಮಂಗಲಾ ಅವರು ಸಹಿ ಮಾಡುತ್ತಿದ್ದರು.

ನಾಗಲಕ್ಷ್ಮಿಯ ಪುಟ ಅವರಿಗೆ ಚೆನ್ನಾಗಿ ನೆನಪಿತ್ತು. ಲ್ಯಾಬ್ ಟೆಕ್ನಿಷಿಯನ್ ಆಗಬೇಕು, ಸಿರುಗುಪ್ಪದಲ್ಲಿ ಪಿಯುಸಿ ವಿಜ್ಞಾನ ಓದಬೇಕು ಎಂದು ಬರೆದಿದ್ದಳು. ಮೂರನೇ ಸಾಲು ಓದಿ ನಕ್ಕಿದ್ದರು. "ನಾ ಬರ್ಲಿಲ್ಲಂದ್ರ?" ಎಂದು ಕೇಳಿದ್ದಕ್ಕೆ ಆಕೆ, "ನೀವು ಬರ್ತೀರಿ ಬಿಡ್ರಿ" ಎಂದಿದ್ದಳು. ಆ ದಿನ ಇನ್ನೂ ಹನ್ನೊಂದು ಪುಟ ಓದುವುದಿತ್ತು. ಸಹಿ ಮಾಡಿದರು.

ಮೇ ಕೊನೆಯಲ್ಲಿ ಕುರುಗೋಡಿಗೆ ವರ್ಗವಾಯಿತು. ಹೋಗುವ ಮೊದಲು ನಲವತ್ತೊಂದು ಮಕ್ಕಳ ಮನೆಗೂ ಫೋನ್ ಮಾಡಿದರು. ಚಿದಾನಂದಪ್ಪನ ಫೋನು ಸ್ವಿಚ್ ಆಫ್ ಆಗಿತ್ತು. ನಾಳೆ ಮಾಡೋಣ ಎಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರು. ಹೊಸ ಶಾಲೆ, ಹೊಸ ಮಕ್ಕಳು, ಬಳ್ಳಾರಿಯ ಪಾರ್ವತಿನಗರದ ಮನೆಯಿಂದ ದಿನಾ ಓಡಾಟ. ನೋಟ್‌ಬುಕ್ ಹಳೆಯ ಶಾಲೆಯ ಬೀರುವಿನಲ್ಲೇ ಉಳಿಯಿತು, ಆ ಚುಕ್ಕೆಯ ಮೇಲೆ ಅವರ ಕಣ್ಣು ಮತ್ತೆ ಬೀಳಲಿಲ್ಲ.

ಫೋನ್ ಇಟ್ಟವರು ಮುಖ್ಯ ಶಿಕ್ಷಕರಿಗೆ ರಜೆ ಚೀಟಿ ಕೊಟ್ಟು ಬಸ್ ನಿಲ್ದಾಣಕ್ಕೆ ನಡೆದರು. ಸಿರುಗುಪ್ಪದಲ್ಲಿ ಇಳಿದು ಕಾಲೇಜಿನಿಂದ ಅರ್ಜಿ ತೆಗೆದುಕೊಂಡರು. ಅಲ್ಲಿನ ಗುಮಾಸ್ತೆ ಶೀಲಾ ಎಂಬವರು, "ವಿಜ್ಞಾನದಾಗ ಸೀಟು ಅದಾವ್ರಿ. ಹುಡುಗಿ ಬರಬೇಕು, ತಂದಿ ಇಲ್ಲಾ ತಾಯಿ ಸಹಿ ಬೇಕು. ಐದೂವರೆಗೆ ಕಂಪ್ಯೂಟರ್ ತಾನ ಬಂದ್ ಆಕ್ಕತಿ" ಎಂದು ಮೊದಲೇ ಹೇಳಿದರು. ರಾರಾವಿಯ ಬಸ್ ತಂಗುದಾಣದಲ್ಲಿ ಹಂಪಯ್ಯ ಟೀಸಿ ಮತ್ತು ನೋಟ್‌ಬುಕ್ ಹಿಡಿದು ನಿಂತಿದ್ದರು. ವಿದ್ಯಾರ್ಥಿಯ ಸಹಿ ಇಲ್ಲದೆ ಟೀಸಿ ಕೊಡುವಂತಿಲ್ಲ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಹಂಪಯ್ಯ ಹಾಗೆ ಕೊಟ್ಟವರೂ ಅಲ್ಲ.

"ಸಹಿ ಆಮ್ಯಾಲ ಮಾಡಸ್ರಿ ಮೇಡಂ. ಮೊದ್ಲು ಹೋಗ್ರಿ" ಎಂದರು.

ಚಿದಾನಂದಪ್ಪನ ಮನೆಗೆ ಬೀಗ ಹಾಕಿತ್ತು. ಪಕ್ಕದ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದ ಕೊಟ್ರಮ್ಮ ತಲೆಯೆತ್ತಿ ನೋಡಿದಳು.

"ಯಾರು, ಸೈನ್ಸ್ ಮೇಡಮ್ಮಾ? ಈಗ ಬಂದ್ರೇನವಾ! ಆ ಹುಡುಗಿ ಜೂನ್ ತಿಂಗಳೆಲ್ಲಾ ದಿನಾ ಮುಂಜಾನಿ ಬಸ್ಸಿಗೆ ಎದುರು ಹೋಗಿ ಕುಂದ್ರತಿತ್ತು. ಕಂಡಕ್ಟರ್ ನಗ್ತಿದ್ದ, 'ಏನ್ ಮಾವನ್ನ ಕಾಯ್ತಿಯೇನಬೇ' ಅಂತ. ಯಾರನ್ನ ಅಂದ್ರ ಹೇಳ್ತಿದ್ದಿಲ್ಲ."

"ಈಗ ಎಲ್ಲಿ ಅದಾಳ?"

"ಬಳ್ಳಾರ್ಯಾಗ. ತಾಯಿ ವಿರೂಪಮ್ಮನೂ ಆಕಿನೂ ಅವ್ವನ ಅಕ್ಕನ ಮನ್ಯಾಗ ಅದಾರ. ಪ್ಯಾಂಟಿಂದು ದಾರ ಕಟ್ ಮಾಡಾಕ ಹೊಕ್ಕಾರಂತ. ಚಿದಾನಂದ ಮಾತ್ರ ಇಲ್ಲೇ ಅದಾನ, ಈಗ ಗದ್ದಿಗೆ ಹೋಗ್ಯಾನ."

ಕೊಟ್ರಮ್ಮ ಹೇಳಿದ ಓಣಿ ಪಾರ್ವತಿನಗರದಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಮೂರು ವಾರಗಳಿಂದ ಆ ಹುಡುಗಿ ಅವರ ಮನೆಯ ಮಗ್ಗುಲಲ್ಲೇ ಇದ್ದಳು. ಗಂಟೆ ಹನ್ನೆರಡೂವರೆ. ರಾರಾವಿಯಿಂದ ಸಿರುಗುಪ್ಪ, ಸಿರುಗುಪ್ಪದಿಂದ ಬಳ್ಳಾರಿ, ಮತ್ತೆ ಬಳ್ಳಾರಿಯಿಂದ ಸಿರುಗುಪ್ಪ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದರು. ಎಲ್ಲೂ ನಿಲ್ಲದಿದ್ದರೆ ಐದು ಗಂಟೆ ಹತ್ತು ನಿಮಿಷಕ್ಕೆ ಕಾಲೇಜು ಮುಟ್ಟಬಹುದಿತ್ತು. ಬಳ್ಳಾರಿಯಲ್ಲೇ ಸೇರಿಸಬಹುದೇ ಎಂದು ಪರಿಚಯದ ಮೂರು ಕಾಲೇಜುಗಳಿಗೆ ಫೋನ್ ಮಾಡಿದರು. ಎರಡರಲ್ಲಿ ವಿಜ್ಞಾನ ಭರ್ತಿಯಾಗಿತ್ತು. ಮೂರನೆಯದರಲ್ಲಿ ಫೋನ್ ಎತ್ತಲಿಲ್ಲ.

ಮೂರು ಗಂಟೆ ಹದಿನೆಂಟು ನಿಮಿಷಕ್ಕೆ ಆ ಓಣಿಯಲ್ಲಿ ಆಟೋ ಇಳಿದರು. ಕೆಳಗಿನ ಅಂತಸ್ತಿನ ಉದ್ದನೆಯ ಕೋಣೆಯಲ್ಲಿ ಹೊಲಿಗೆ ಮಷೀನುಗಳ ಸದ್ದು. ಬಾಗಿಲ ಬಳಿ ಜೀನ್ಸ್ ಪ್ಯಾಂಟುಗಳ ರಾಶಿ, ರಾಶಿಯ ಸುತ್ತ ಏಳೆಂಟು ಹೆಂಗಸರು. ನಾಗಲಕ್ಷ್ಮಿ ಹೊಲಿಗೆಯ ಕೊನೆಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುತ್ತಿದ್ದಳು. ಪುಟ್ಟ ಕತ್ತರಿಯನ್ನು ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಬೆರಳ ತುದಿಗಳಿಗೆ ನೀಲಿ ಹತ್ತಿತ್ತು. ತಲೆಯೆತ್ತಿ ನೋಡಿದವಳು ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ.

ಮೊದಲು ಮಾತಾಡಿದವಳು ಪಕ್ಕದಲ್ಲೇ ಕೂತಿದ್ದ ತಾಯಿ ವಿರೂಪಮ್ಮ.

"ಈಗ್ಯಾಕ ಬಂದ್ರಿ ಮೇಡಂ?"

"ಇವತ್ತ ಕಡೀ ದಿನ ಐತವಾ. ಈಗ ಹೊಂಟ್ರ ಸೇರಸಬಹುದು. ನೀನು ಸಹಿ ಮಾಡಿದ್ರ ಸಾಕು."

"ಸಹಿ ಮಾಡಾಕ ನನ್ಗೂ ಬರ್ತೈತಿ. ಆಮ್ಯಾಲ? ಸೈನ್ಸ್ ಅಂದ್ರ ಪ್ರಾಕ್ಟಿಕಲ್ ಇರ್ತಾವಂತ. ಐದಕ್ಕ ಬಿಡ್ತಾರ. ನಮ್ಮೂರ ಬಸ್ಸು ನಾಲ್ಕೂವರೆಗೆ ಹೋಗಿರ್ತೈತಿ, ಮುಂದಿಂದು ಏಳಕ್ಕ. ಕತ್ತಲಾಗ ಒಬ್ಬಾಕಿ ಇಳಿಯಾದು ಬ್ಯಾಡ ಅಂದ ಅವರಪ್ಪ. ನಾನೂ ಅಂದೆ."

"ಹಾಸ್ಟೆಲ್ ಐತಿ."

"ಇದ್ದದ್ದು ನಮಗ ಯಾರ್ ಹೇಳಿದ್ರು? ಅರ್ಜಿ ಹಾಕಾಕ ಹೋದ್ರ ಜೂನ್‌ದಾಗ ಮುಗದೈತಿ ಅಂದ್ರು."

ಅದು ನಿಜವಾಗಿತ್ತು. ಹಾಸ್ಟೆಲ್ ಅರ್ಜಿಯ ತಾರೀಖು ಸುಮಂಗಲಾ ಅವರಿಗೆ ಗೊತ್ತಿತ್ತು. ಚಿದಾನಂದಪ್ಪನ ಫೋನ್ ಸಿಕ್ಕಾಗ ಹೇಳಬೇಕು ಅಂದುಕೊಂಡಿದ್ದ ಮೊದಲ ಮಾತೇ ಅದು.

"ವಾರ್ಡನ್ನರ ಹತ್ರ ನಾನ ಕೇಳ್ತೀನಿ."

"ಕೊಡ್ತಾರೇನು?"

ಸುಮಂಗಲಾ ಅವರಿಗೆ ಹೌದು ಅನ್ನುವುದು ಸುಲಭವಿತ್ತು. "ಗೊತ್ತಿಲ್ಲ" ಎಂದರು.

ವಿರೂಪಮ್ಮ ಪ್ಯಾಂಟೊಂದನ್ನು ಕೊಡವಿ ಮಡಚಿ ಇಟ್ಟಳು. "ನೀವು ಒಳ್ಳೇರ್ರಿ ಮೇಡಂ. ಆದ್ರ ನೀವು ಬರ್ತೀರಿ, ಹೋಗ್ತೀರಿ. ಇಕಿ ಜೊತಿ ಇರಾಕಿ ನಾನು. ಒಂದ್ ತಿಂಗಳು ರೊಟ್ಟಿ ಸೈತ ಸರಿಯಾಗಿ ತಿನ್ನಲಿಲ್ಲ. ಬರ್ತಾರ ಬರ್ತಾರ ಅಂತ ಅದೊಂದೇ ಹಾಡು. ಈಗ ಇಲ್ಲಿ ನಾಕ್ ಮಂದಿ ಜೊತಿ ನಗಾಕ ಹತ್ಯಾಳ. ಮತ್ತ ಆಸಿ ಹಚ್ಚಬ್ಯಾಡ್ರಿ."

ಸುಮಂಗಲಾ ಅವರು ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಆ ಪುಟ ಬಿಚ್ಚಿ ತಾಯಿಯ ಮುಂದೆ ಹಿಡಿದರು. "ಇದು ನನ್ನ ಸಹಿ. ತಪ್ಪು ನಂದು, ಆಕಿದಲ್ಲ" ಎಂದರು.

ವಿರೂಪಮ್ಮ ನಿಧಾನವಾಗಿ, ಅಕ್ಷರ ಕೂಡಿಸಿ ಓದಿದಳು. ಆಮೇಲೆ ಅರ್ಜಿ ಇಸಿದುಕೊಂಡು ಪ್ಯಾಂಟಿನ ರಾಶಿಯ ಮೇಲಿಟ್ಟೇ ಸಹಿ ಮಾಡಿದಳು. ಮಗಳ ಕಡೆ ತಿರುಗಿ, "ಚಪ್ಲಿ ಹಾಕ್ಕೊಳ್ಲೇ, ನಿಂತಾಳ ನೋಡು ಕಂಬದಂಗ" ಎಂದು ಬೈದಳು.

ಆಗ ಮೂರು ಗಂಟೆ ನಲವತ್ತಮೂರು ನಿಮಿಷ. ಬಸ್ ಹೊರಟದ್ದು ಮೂರು ಐವತ್ತೆಂಟಕ್ಕೆ.

ಬಸ್ಸಿನಲ್ಲಿ ಕೂತಾಗಲೇ ನಾಗಲಕ್ಷ್ಮಿಗೆ ಕೊರಳಲ್ಲಿದ್ದ ಕತ್ತರಿ ನೆನಪಾದದ್ದು. ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ಕೇಳಿದಳು.

"ಮೇಡಂ, ನಿಮಗ ಮರ್ತಿತ್ತೇನ್ರಿ?"

"ಹೂಂ. ಮರ್ತಿದ್ದೆ."

"ಆರಾಮಿಲ್ಲೇನೋ ಅನ್ಕೊಂಡಿದ್ದೆ." ಕಿಟಕಿಯ ಆಚೆ ನೋಡುತ್ತಾ ಮುಂದುವರಿಸಿದಳು. "ಸಹಿ ಮಾಡೀರಲ್ಲ, ಅದಕ್ಕ ಬಂದ ಬರ್ತೀರಿ ಅಂತ. ಬ್ಯಾರೆ ಏನೂ ಯೋಚ್ನಿ ಮಾಡ್ಲಿಲ್ಲ ನಾನು. ಯಾರನ್ನೂ ಕೇಳ್ಲೂ ಇಲ್ಲ."

ಸುಮಂಗಲಾ ಅವರು ಕ್ಷಮೆ ಕೇಳಬೇಕೆಂದುಕೊಂಡರು. ಕೇಳಿದರೆ ಈ ಹುಡುಗಿ "ಇರ್ಲಿ ಬಿಡ್ರಿ" ಅನ್ನಬೇಕಾಗುತ್ತದೆ, ಆ ಹೊರೆಯನ್ನೂ ಆಕೆಯ ಮೇಲೆ ಹಾಕಬಾರದು ಅನ್ನಿಸಿತು. ಸುಮ್ಮನೆ ಗಡಿಯಾರ ನೋಡುತ್ತಾ ಕೂತರು. ತೆಕ್ಕಲಕೋಟೆ ದಾಟಿದಾಗ ಐದು ಗಂಟೆ ನಾಲ್ಕು ನಿಮಿಷ. ಶೀಲಾ ಅವರಿಗೆ ಫೋನ್ ಮಾಡಿದರು. "ಬರ್ರಿ, ನಾ ಇರ್ತೀನಿ. ಆದ್ರ ಕಂಪ್ಯೂಟರ್ ನನ್ನ ಮಾತು ಕೇಳಂಗಿಲ್ರಿ" ಎಂದರು ಅವರು.

ಸಿರುಗುಪ್ಪದ ನಿಲ್ದಾಣದಿಂದ ಇಬ್ಬರೂ ಓಡಿದರು. ಕಾಲೇಜಿನ ಕಚೇರಿ ಮುಟ್ಟಿದಾಗ ಐದು ಗಂಟೆ ಮೂವತ್ತೊಂಬತ್ತು ನಿಮಿಷ. ಶೀಲಾ ಅವರು ಪರದೆಯನ್ನು ಇವರ ಕಡೆ ತಿರುಗಿಸಿ ತೋರಿಸಿದರು. ಹೊಸ ಹೆಸರು ಸೇರಿಸುವ ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು. ಒತ್ತಿದರು. ಮತ್ತೊಮ್ಮೆ ಒತ್ತಿದರು. ಪ್ರಾಚಾರ್ಯರು ಮೇಲಿನವರಿಗೆ ಫೋನ್ ಮಾಡಿ ನೋಡಿದರು. ಅವಧಿ ಮತ್ತೆ ವಿಸ್ತರಣೆಯಾದರೆ ತಿಳಿಸುವುದಾಗಿ ಹೇಳಿದರು. ಆಗಲಿಲ್ಲ.

ಒಂಬತ್ತು ನಿಮಿಷ. ಓಣಿಯಲ್ಲಿ ವಿರೂಪಮ್ಮನ ಜೊತೆ ಮಾತಿಗೆ ಹಿಡಿದದ್ದು ಇಪ್ಪತ್ತೈದು ನಿಮಿಷ. ನೋಟ್‌ಬುಕ್ಕಿನಲ್ಲಿ ಆ ಪೆನ್ಸಿಲ್ ಚುಕ್ಕೆ ಇದ್ದದ್ದು ಎರಡು ತಿಂಗಳು. ಸುಮಂಗಲಾ ಅವರು ಈ ಮೂರು ಅಂಕಿಗಳನ್ನು ಇವತ್ತಿಗೂ ಮರೆತಿಲ್ಲ. ತಾಯಿಯ ಇಪ್ಪತ್ತೈದು ನಿಮಿಷವನ್ನು ಮಾತ್ರ ಅವರು ದೂರುವುದಿಲ್ಲ.

ಬಳ್ಳಾರಿ ಬಸ್ಸಿಗೆ ಕಾಯುತ್ತಾ ನಿಲ್ದಾಣದ ಕಲ್ಲಿನ ಮೇಲೆ ಕೂತಾಗ, ಟೀಸಿ ಮುಂದಿನ ವರ್ಷಕ್ಕೂ ನಡೆಯುತ್ತದೆ, ಒಂದು ವರ್ಷ ಯಾಕೆ ಬಿಟ್ಟೆ ಎಂದು ಬರೆದುಕೊಟ್ಟರೆ ಸಾಕು ಎಂದು ಅವರು ವಿವರಿಸಿದರು. ನಾಗಲಕ್ಷ್ಮಿ ಕೇಳಿಸಿಕೊಂಡಳು. ನೋಟ್‌ಬುಕ್ ಇಸಿದುಕೊಂಡು ತನ್ನ ಪುಟ ತೆಗೆದಳು.

"ಮತ್ತ ಅದನ್ನ ಬರೀಲೇನ್ರಿ?"

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಸುಮಂಗಲಾ ಅವರು ಬೇಡ ಎಂದರು. ಆಕೆ ಮೂರನೇ ಸಾಲನ್ನು ಹೊಡೆದುಹಾಕಿ, ಕೆಳಗೆ ಏನೂ ಬರೆಯದೆ ಮುಚ್ಚಿ ಕೊಟ್ಟಳು.

ಕುರುಗೋಡಿನ ಮಕ್ಕಳಿಗೆ ಈಗ ಮೂರನೇ ಸಾಲಿನಲ್ಲಿ ಬೇರೆಯವರ ಹೆಸರು ಬರೆಯುವಂತಿಲ್ಲ. ಬರೆಯಲೇಬೇಕೆಂದರೆ ಅವರ ಫೋನ್ ನಂಬರು, ಅವರು ಬರುವ ತಾರೀಖು, ಅವತ್ತು ಬಾರದಿದ್ದರೆ ಮರುದಿನ ತಾನೇ ಹೋಗಬೇಕಾದ ಜಾಗ, ಇಷ್ಟೂ ಬರೆಯಬೇಕು. ಹಾಸ್ಟೆಲ್ ಅರ್ಜಿಯ ತಾರೀಖನ್ನು ಕಪ್ಪು ಹಲಗೆಯ ಮೂಲೆಯಲ್ಲಿ ಬರೆದಿದ್ದಾರೆ. ಯಾರೂ ಅಳಿಸುವಂತಿಲ್ಲ.

ಭಾನುವಾರ ನಾಗಲಕ್ಷ್ಮಿ ಪಾರ್ವತಿನಗರಕ್ಕೆ ಬರುತ್ತಾಳೆ. ಎರಡು ತಾಸು ಪಿಯುಸಿಯ ಜೀವಶಾಸ್ತ್ರ ಓದುತ್ತಾರೆ. ಮೊದಮೊದಲು ತಾನೇ ಪ್ರಶ್ನೆ ಹೊತ್ತು ತರುತ್ತಿದ್ದಳು. ದೀಪಾವಳಿಯ ನಂತರ ಕೆಲವು ಭಾನುವಾರ ತಪ್ಪಿದವು. ನವೆಂಬರಿನಲ್ಲಿ ವಿರೂಪಮ್ಮ ಫೋನ್ ಮಾಡಿ ಖುಷಿಯಿಂದ ಹೇಳಿದಳು: "ನಾಗೀನ್ನ ಮಷಿನ್ ಮ್ಯಾಗ ಕುಂದ್ರಿಸ್ಯಾರ್ರಿ ಮೇಡಂ! ಇಷ್ಟ್ ಲಗೂ ಯಾರ್ನೂ ಕುಂದ್ರಿಸಿಲ್ಲಂತ." ಸುಮಂಗಲಾ ಅವರು ಒಳ್ಳೇದಾಯ್ತು ಎಂದರು. ಬರುವ ಜೂನಿನಲ್ಲಿ ದಾರ ಕತ್ತರಿಸುವವಳನ್ನು ಕಾಲೇಜಿಗೆ ಎಬ್ಬಿಸಿಕೊಂಡು ಬರುವುದು ಬೇರೆ, ಮಷಿನ್ ಮೇಲೆ ಕೂತವಳನ್ನು ಎಬ್ಬಿಸಿಕೊಂಡು ಬರುವುದು ಬೇರೆ ಎಂದು ಅವರಿಗೆ ಗೊತ್ತಿತ್ತು.

ಹೋದ ಭಾನುವಾರ ನಾಗಲಕ್ಷ್ಮಿ ಬಂದಿದ್ದಳು. ಜೀವಕೋಶದ ಚಿತ್ರ ಬಿಡಿಸುತ್ತಾ ಎರಡು ಸಲ ತೂಕಡಿಸಿದಳು. ಚಹಾ ಕುಡಿದ ಮೇಲೆ ನೀಲಿ ರಟ್ಟಿನ ನೋಟ್‌ಬುಕ್ ಕೇಳಿ ತೆಗೆದುಕೊಂಡಳು. ಹೊಡೆದುಹಾಕಿದ ಮೂರನೇ ಸಾಲಿನ ಕೆಳಗೆ, ಗುಂಡಗಿನ ಅಕ್ಷರದಲ್ಲಿ ಒಂದು ಪ್ರಶ್ನೆ ಬರೆದಳು. ಆ ಪ್ರಶ್ನೆಯನ್ನು ಸುಮಂಗಲಾ ಅವರು ಇಷ್ಟು ವರ್ಷಗಳಲ್ಲಿ ಯಾವ ಮಗುವನ್ನೂ ಕೇಳಿರಲಿಲ್ಲ.

"ನನಗೇ ಬೇಡ ಅನ್ನಿಸಿದರೆ?"

"ಇದಕ್ಕೇನ್ ಬರೀಬೇಕ್ರಿ ಮೇಡಂ?"

ಸುಮಂಗಲಾ ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. ಆಮೇಲೆ, "ಮುಂದಿನ ಭಾನುವಾರ ಬಾ. ಇಬ್ಬರೂ ಕುಂತು ಯೋಚ್ನಿ ಮಾಡೋಣ" ಎಂದರು. ಬರ್ತೀಯಲ್ಲ ಎಂದು ಕೇಳಿದ್ದಕ್ಕೆ ಹುಡುಗಿ ಚಪ್ಪಲಿ ಮೆಟ್ಟುತ್ತಾ, "ನೋಡ್ತೀನ್ರಿ" ಎಂದಳು.

ಆ ಹೊಸ ಸಾಲಿಗೆ ಅವರು ಇನ್ನೂ ಸಹಿ ಮಾಡಿಲ್ಲ.